ಮೈಕಿನವರು ಬರೆದ ಎರಡು ಸಾಲು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದೊಂದು ಸಣ್ಣ ಅಂಗಡಿ. ನೂಲು, ಜಿಪ್, ತಾಮ್ರದ ಗುಂಡಿ, ರಿವೆಟ್. ಪ್ಯಾಂಟೊಂದು ಬಿಟ್ಟು ಜೀನ್ಸ್ ಪ್ಯಾಂಟಿಗೆ ಬೇಕಾದದ್ದೆಲ್ಲ ಸಿಗುತ್ತದೆ. ಪಕ್ಕದಲ್ಲೇ ಹೊಲಿಗೆ ಯೂನಿಟ್. ಬೆಳಿಗ್ಗೆ 9ಕ್ಕೆ 22 ಮಷೀನು ಶುರುವಾದರೆ ರಾತ್ರಿಯವರೆಗೆ ಕಿವಿಗೆ ಬಿಡುವಿಲ್ಲ. ಇಂಥ ಕಿವಿ ಇಟ್ಟುಕೊಂಡು ಶಾಸ್ತ್ರೀಯ ಸಂಗೀತದ ವಿಷಯ ಬರೆಯಲು ಕೂತಿದ್ದೇನೆ. ನಗಬೇಡಿ.

ನಿಜ ಹೇಳಬೇಕೆಂದರೆ ನಾನು ಬರೆಯುತ್ತಿರುವುದು ಒಂದು ಹಾಳೆಯ ಬಗ್ಗೆ. ಊರಿನ ಒಂದು ಸಭಾಂಗಣದವರು ಪ್ರತಿ ತಿಂಗಳು ಟಿಕೆಟ್ ಕಿಟಕಿಯ ಪಕ್ಕ ಅಂಟಿಸುವ ಹಾಳೆ. ಮುಂದಿನ ಸಂಗೀತ ಕಚೇರಿಗಳ ಪಟ್ಟಿ ಅದು. ಪಟ್ಟಿ ಎಲ್ಲ ಕಡೆ ಇರುತ್ತದೆ, ಅದೇನು ದೊಡ್ಡದಲ್ಲ. ಇಲ್ಲಿ ಒಂದೊಂದು ಕಚೇರಿಯ ಕೆಳಗೆ, ಅಲ್ಲಿ ಕೆಲಸ ಮಾಡುವವರೋ ಅಲ್ಲಿ ನುಡಿಸುವವರೋ ಯಾರಾದರೂ ಒಬ್ಬರು ಪೆನ್ನಿನಲ್ಲಿ ಎರಡು ಸಾಲು ಬರೆದಿರುತ್ತಾರೆ, ಇದಕ್ಕೆ ಯಾಕೆ ಬರಬೇಕು ಅಂತ. ಬರೆದವರ ಹೆಸರು ಇರುವುದಿಲ್ಲ, ಕೆಲಸದ ಹೆಸರು ಇರುತ್ತದೆ. 'ಮೈಕ್', 'ಗೇಟ್', 'ತಂಬೂರಿ', 'ಮೃದಂಗ', 'ಕ್ಯಾಂಟೀನ್', 'ಆಫೀಸು'. ಸಭಾಂಗಣದ ಹೆಸರನ್ನು ನಾನೂ ಹಾಕುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ, ನಾಳೆ ಮತ್ತೆ ಅದೇ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಬೇಕು.

ಒಂದು ಕಚೇರಿಗೆ 150 ರೂಪಾಯಿ. ವರ್ಷದ ಪಾಸು 1,500. ನನ್ನದು ಪಾಸು. ಆ ಹಾಳೆ ನಂಬಿಕೊಂಡು ಹತ್ತು ತಿಂಗಳು ಓಡಾಡಿದ್ದೇನೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಅದಕ್ಕೂ ಮುಂಚೆ ನನ್ನದು ಸುಲಭದ ಲೆಕ್ಕ. ಪೋಸ್ಟರಿನಲ್ಲಿ ಯಾರ ಫೋಟೋ ದೊಡ್ಡದೋ ಅವರಿಗೆ ಹೋಗುವುದು. ಹಾಗೆ ಹೋಗಿ ಒಂದು ಸಲ ಎಂಟನೇ ಸಾಲಿನಲ್ಲಿ ಗೊರಕೆ ಹೊಡೆದೆ. ಹೆಂಡತಿ ಚಿವುಟಿದ್ದಕ್ಕೆ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದೆ. ಆಲಾಪ ಇನ್ನೂ ನಡೆಯುತ್ತಿತ್ತು. ಆಮೇಲೆ ಮೂರು ತಿಂಗಳು ಅವಳು ನನ್ನ ಜತೆ ಬರಲೇ ಇಲ್ಲ.

ಹಾಳೆ ಕಣ್ಣಿಗೆ ಬಿದ್ದದ್ದು ಆ ಹೊತ್ತಿನಲ್ಲಿ. ಒಬ್ಬ ಹಿಂದುಸ್ತಾನಿ ಗಾಯಕಿಯ ಕಚೇರಿ. ನಾನು ಕೇಳಿದ ಹೆಸರಲ್ಲ. ಕೆಳಗೆ 'ಮೈಕ್' ಬರೆದಿದ್ದರು: "ಈ ಅಮ್ಮ ಸೌಂಡ್ ಜಾಸ್ತಿ ಕೇಳುವುದಿಲ್ಲ. ಮುಂದಿನ ಮೂರು ಸಾಲಿನಲ್ಲಿ ಕೂತುಕೊಳ್ಳಿ."

ಇದೇನು ಶಿಫಾರಸು ಅನಿಸಿತು. ಕೇಳಿಯೇ ಬಿಡೋಣ ಅಂತ ಹಿಂದಿನ ಬಾಗಿಲಿಗೆ ಹೋದೆ. ಆತ ನೆಲದ ಮೇಲೆ ಕೂತು ವೈರ್ ಸುತ್ತುತ್ತಿದ್ದರು. ಮೊಣಕೈಯಿಂದ ಬೆರಳಿಗೆ, ಬೆರಳಿಂದ ಮೊಣಕೈಗೆ, ನಮ್ಮಜ್ಜಿ ಲಡಿ ಸುತ್ತುತ್ತಿದ್ದ ಹಾಗೆ. ವಿವರಿಸಿದರು. ಕೆಲವರು ವೇದಿಕೆಗೆ ಬಂದು ಕೂರುವ ಮುಂಚೆಯೇ ಮಾನಿಟರ್, ಅಂದರೆ ಅವರ ಕಡೆಗೇ ತಿರುಗಿಸಿಟ್ಟ ಸ್ಪೀಕರ್, ಏರಿಸು ಅನ್ನುತ್ತಾರೆ. ಗಾಯಕರದು ಏರಿಸಿದರೆ ತಬಲಾದವರಿಗೆ ತಮ್ಮದು ಕೇಳುವುದಿಲ್ಲ, ಅವರದೂ ಏರಿಸಬೇಕು. ಆಮೇಲೆ ಹಾರ್ಮೋನಿಯಂ. ಮತ್ತೆ ಗಾಯಕರು. "ಎಪಿಎಂಸಿಯಲ್ಲಿ ಹರಾಜು ಕೂಗಿದ ಹಾಗೆ ಸಾರ್. ಕೊನೆಗೆ ಸ್ಪೀಕರ್ ಕುಂಯ್ ಅಂತದೆ, ಎಲ್ಲರೂ ನನ್ನ ಮುಖ ನೋಡ್ತಾರೆ." ಈ ಅಮ್ಮ ಮೈಕಿನಿಂದ ಒಂದು ಗೇಣು ದೂರ ಕೂರುತ್ತಾರಂತೆ. ದನಿ ಸಣ್ಣ ಮಾಡಬೇಕಾದಾಗ ತಾವೇ ಸಣ್ಣ ಮಾಡುತ್ತಾರೆ, ದೊಡ್ಡದಕ್ಕೆ ತಾವೇ ಹಿಂದೆ ಸರಿಯುತ್ತಾರೆ. "ಅವರು ಹಾಡುವಾಗ ನನಗೆ ಕೆಲಸವೇ ಇರಲ್ಲ. ಕೈ ಕಟ್ಟಿಕೊಂಡು ಕೇಳಬಹುದು."

ಎರಡನೇ ಸಾಲಿನಲ್ಲಿ ಕೂತೆ. ಪೂರಿಯಾ ಧನಾಶ್ರೀ ಎತ್ತಿಕೊಂಡರು, ಹೊತ್ತು ಮುಳುಗುವಾಗಿನ ರಾಗ. ಬಡಾ ಖ್ಯಾಲ್, ವಿಲಂಬಿತ ಅಂದರೆ ನಿಧಾನಗತಿಯ ಏಕತಾಳ. ಏಕತಾಳಕ್ಕೆ 12 ಮಾತ್ರೆ, ಅಂದರೆ 12 ಎಣಿಕೆ ಅಂತ ಪಕ್ಕದಲ್ಲಿದ್ದ ಹಿರಿಯರು ಹೇಳಿದರು. ಅಲ್ಲಿ ನನಗೆ ಜೀವ ಬಂತು. 12 ನನ್ನ ಲೆಕ್ಕ! ಗುಂಡಿ ಮಾರುವುದೇ ಡಜನಿನಲ್ಲಿ, 12 ಡಜನ್ ಅಂದರೆ ಒಂದು ಗ್ರೋಸ್. ತೊಡೆಯ ಮೇಲೆ ಬೆರಳಿಟ್ಟು ಎಣಿಸಲು ಶುರು ಮಾಡಿದೆ. ಎಷ್ಟು ನಿಧಾನ ಅಂದರೆ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಮೊದಮೊದಲು ಏಳಕ್ಕೋ ಎಂಟಕ್ಕೋ ತಪ್ಪುತ್ತಿದ್ದೆ. ಹತ್ತನೇ ಸುತ್ತಿನ ಹೊತ್ತಿಗೆ ಕೈ ಕೂತಿತು. ಆಕೆ ಎಲ್ಲೆಲ್ಲೋ ತಿರುಗಾಡಿ, ಇನ್ನು ಸಿಗುವುದೇ ಇಲ್ಲ ಅನ್ನುವಷ್ಟು ದೂರ ಹೋಗಿ, ಸರಿಯಾಗಿ ನನ್ನ ಒಂದಕ್ಕೆ ಬಂದು ಇಳಿದರು. ತಾಳದ ಆ ಮೊದಲ ಎಣಿಕೆಗೆ ಸಮ್ ಅನ್ನುತ್ತಾರೆ. ಮುಂದಿನ ಸಾಲಿನ ತಲೆಗಳೆಲ್ಲ ಒಟ್ಟಿಗೆ ಬಗ್ಗಿದವು, ನನ್ನದೂ ಬಗ್ಗಿತು. ಆವತ್ತು ನಿದ್ದೆ ಹತ್ತಿರ ಸುಳಿಯಲಿಲ್ಲ.

ಅಂದಿನಿಂದ 'ಮೈಕ್' ಬರೆದದ್ದನ್ನು ಕಣ್ಣು ಮುಚ್ಚಿ ನಂಬುತ್ತೇನೆ. ಹತ್ತು ತಿಂಗಳಲ್ಲಿ ಆತ ಆರು ಸಲ ಬರೆದರು, ಐದು ಸಲ ಸರಿ. ಒಂದು ಸಲ ಕೊಳಲಿನವರ ಬಗ್ಗೆ ಬಹಳ ಹೊಗಳಿದ್ದರು, ನನಗೆ ಅಷ್ಟು ಹಿಡಿಸಲಿಲ್ಲ. ಅವರು ತಮ್ಮ ಹೊಸ ಮೈಕನ್ನು ಹೊಗಳಿದ್ದು ಅಂತ ನನಗೆ ಗುಮಾನಿ.

'ಮೃದಂಗ' ಬರೆಯುವುದು ಜಗಳದ ಧಾಟಿಯಲ್ಲಿ. "ತನಿ ಆವರ್ತನ ಬಂದ ಕೂಡಲೇ ಕಾಫಿಗೆ ಎದ್ದು ಹೋಗಬೇಡಿ. ಕಾಫಿ ಆಮೇಲೂ ಇರುತ್ತದೆ." ಇದು ಮಾರ್ಚ್ ತಿಂಗಳ ಹಾಳೆಯಲ್ಲಿದ್ದ ಮಾತು. ತನಿ ಆವರ್ತನ ಅಂದರೆ ಹಾಡು ನಿಲ್ಲಿಸಿ ತಾಳವಾದ್ಯದವರು ಮಾತ್ರ ನುಡಿಸುವ ಹೊತ್ತು. ಅದರ ಪಕ್ಕದಲ್ಲೇ ಬೇರೆ ಪೆನ್ನಿನಲ್ಲಿ 'ಕ್ಯಾಂಟೀನ್' ಸೇರಿಸಿದ್ದರು: "ಆ ಹೊತ್ತಿಗೆ ಮಿರ್ಚಿ ಬಿಡುವುದಿಲ್ಲ. ಕೂತು ಕೇಳಿ." ಇಬ್ಬರದೂ ಒಂದು ಒಪ್ಪಂದ ಇದೆ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚುತ್ತಾರಲ್ಲ, ದನಿ ದಪ್ಪ ಬರಲಿ ಅಂತ, ಆ ರವೆ ಹೋಗುವುದು ಕ್ಯಾಂಟೀನಿನಿಂದ. ಉಪ್ಪಿಟ್ಟಿನ ಡಬ್ಬಿಯಿಂದಲೇ. ಬಳ್ಳಾರಿ ಬೇಸಿಗೆ ಗೊತ್ತಲ್ಲ. ಹಚ್ಚಿದ ರವೆ ಕಚೇರಿ ಅರ್ಧಕ್ಕೆ ಬರುವುದರೊಳಗೆ ಒಣಗಿ ಪಕಳೆ ಏಳುತ್ತದೆ. ಆತ ಹಾಡು ಹಾಡಿನ ನಡುವೆ ಬೆರಳು ಒದ್ದೆ ಮಾಡಿ ಸವರುತ್ತಲೇ ಇರುತ್ತಾರೆ. ನಾನು ಇಷ್ಟು ವರ್ಷ ಅದನ್ನು ಅಭ್ಯಾಸಬಲ ಅಂದುಕೊಂಡಿದ್ದೆ.

ಆವತ್ತು ಎದ್ದು ಹೋಗದೆ ಕೂತೆ. ಆದಿ ತಾಳ, 8 ಎಣಿಕೆ. ಗ್ರೋಸಿನಷ್ಟು ಸಲೀಸಲ್ಲ, ಆದರೂ ನಡೆಯಿತು. ಕಾಫಿ ಆಮೇಲೆ ತಣ್ಣಗಿತ್ತು. ಮಿರ್ಚಿ ಮಾತ್ರ ಬಿಸಿ ಬಿಸಿ ಬಾಣಲೆಯಿಂದಲೇ ಬಂತು, ಜತೆಗೆ ಒಗ್ಗರಣೆ ಮಂಡಕ್ಕಿ. ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ 40 ರೂಪಾಯಿ. ಊರಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ, ಆದರೆ ತೋಡಿ ರಾಗ ಕೇಳಿದ ಮೇಲೆ ಇದೇ ರುಚಿ.

ಬೇರೆ ಊರಿನವರಿಗೆ ಒಂದು ವಿಷಯ ಹೇಳಬೇಕು. ಒಂದೇ ಹಾಳೆಯಲ್ಲಿ ಹಿಂದುಸ್ತಾನಿಯ ಖ್ಯಾಲ್ ಮತ್ತು ಕರ್ನಾಟಕಿಯ ಕೃತಿ ಎರಡೂ ಅಕ್ಕಪಕ್ಕ ಇರುವುದು ನಮಗೆ ವಿಚಿತ್ರ ಅನಿಸುವುದಿಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿನವರ ಕೈಯಲ್ಲಿತ್ತು. ಪಕ್ಕದ ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದಿನ ಕಡೆ. ಇತ್ತ ಮದ್ರಾಸಿನ ಕರ್ನಾಟಕಿ ಸಂಗೀತ, ಅತ್ತ ಗದಗ-ಧಾರವಾಡದ ಹಿಂದುಸ್ತಾನಿ ಗಾಳಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಎರಡೂ ಪದ್ಧತಿ ಬಲ್ಲವರು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಕಲಿತು ನಮ್ಮ ಕಡೆಯ ಶಾಲೆ, ಮಠ, ಮದುವೆ ಮನೆಗಳಲ್ಲಿ ಹಾಡಿ ನುಡಿಸಿ ಬದುಕಿದ್ದಾರೆ. ನಮ್ಮಮ್ಮ ಅಡುಗೆ ಮನೆಯಲ್ಲಿ ತೆಲುಗಿನ ತ್ಯಾಗರಾಜರನ್ನೂ ಕನ್ನಡದ ದಾಸರನ್ನೂ ಒಂದೇ ಒಲೆಯ ಮೇಲೆ ಬೇಯಿಸುತ್ತಿದ್ದರು. ಯಾವುದು ಯಾವ ಪದ್ಧತಿ ಅಂತ ಅವರು ಕೇಳಿದವರಲ್ಲ.

ಈಗ 'ತಂಬೂರಿ'. ನನ್ನ ಪ್ರಕಾರ ಈ ಹಾಳೆಯ ಬೆಲೆ ಇರುವುದು ಈಕೆಯ ಎರಡು ಸಾಲಿನಲ್ಲಿ. ಮಕ್ಕಳಿಗೆ ಪಾಠ ಹೇಳುತ್ತಾರೆ, ಹೊರಗಿನ ಕಲಾವಿದರು ಬಂದಾಗ ಹಿಂದೆ ಕೂತು ತಂಬೂರಿ ಮೀಟುತ್ತಾರೆ. ಒಮ್ಮೆ ಬರೆದಿದ್ದರು: "ಈ ಸಲ ಶ್ರುತಿಪೆಟ್ಟಿಗೆ ಇಲ್ಲ, ಎರಡು ತಂಬೂರಿ. ಅರ್ಧ ಗಂಟೆ ಮುಂಚೆ ಬನ್ನಿ. ಶ್ರುತಿ ಕೂಡಿಸುವುದೇ ಒಂದು ಕಚೇರಿ."

ಹೋದೆ. ಕುರ್ಚಿಗಳೆಲ್ಲ ಖಾಲಿ. ಆಕೆ ವೇದಿಕೆಯ ಅಂಚಿನಲ್ಲಿ ತಂಬೂರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಏನೋ ಹುಡುಕುತ್ತಿದ್ದರು. ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿಗೆ ಕುದುರೆ ಅನ್ನುತ್ತಾರೆ; ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರೆ, ಜೀವಾಳ ಅಂತ. ಅದು ಹರಿದಿತ್ತು. ನಾನು ನೂಲಿನ ವ್ಯಾಪಾರಿ ಅಂದೆ. "ಹಂಗಾದ್ರೆ ಕೊಡ್ರಿ" ಅಂದರು, ಕೈ ಚಾಚಿಯೇ ಬಿಟ್ಟರು.

ಸ್ಕೂಟರ್ ಡಿಕ್ಕಿಯಲ್ಲಿ ಸ್ಯಾಂಪಲ್ ಇದ್ದವು. ಮೊದಲು ಕೊಟ್ಟದ್ದು ಜೀನ್ಸಿನ ಮೇಲ್ಹೊಲಿಗೆಯ ಕಿತ್ತಳೆ ದಾರ. ಎರಡು ಬೆರಳಲ್ಲಿ ಹೊಸೆದು ನೋಡಿ, "ಇದು ಹಗ್ಗ" ಅಂದು ವಾಪಸು ಕೊಟ್ಟರು. ಪಾಲಿಯೆಸ್ಟರ್ ಕೊಟ್ಟೆ. ತಂತಿಯ ಕೆಳಗೆ ನಿಲ್ಲಲಿಲ್ಲ, ಜಾರಿತು. ಕೊನೆಗೆ ಕಚ್ಚಾ ಹೊಲಿಗೆಗೆ ಬಳಸುವ ಬಿಳಿ ಹತ್ತಿ ನೂಲು, ನನ್ನ ಅಂಗಡಿಯಲ್ಲೇ ಅಗ್ಗದ ಮಾಲು. ಅದರ ಒಂದು ಎಳೆ ಬಿಡಿಸಿ, ನಾಲಿಗೆಗೆ ತಾಗಿಸಿ, ತಂತಿಯ ಕೆಳಗೆ ತೂರಿಸಿದರು. ಮೀಟಿದರು. ಟಪ್ ಅಂತ ಸತ್ತ ದನಿ. ದಾರವನ್ನು ಉಗುರಿನಲ್ಲಿ ಒಂದು ಅಕ್ಕಿಕಾಳಿನಷ್ಟು ಹಿಂದೆ ತಳ್ಳಿದರು. ಟಂ. ಇನ್ನೊಂದು ಚೂರು, ಕಣ್ಣಿಗೆ ಕಾಣದಷ್ಟು. ಝೇಂ ಅಂತ ತಂತಿ ಅರಳಿತು. ನಿಂತಿದ್ದವನು ಕೂತೆ.

"ಜವಾರಿ ಬಂತು" ಅಂದರು. ನಮಗೆ ಜವಾರಿ ಅಂದರೆ ಜವಾರಿ ಕೋಳಿ, ಜವಾರಿ ಸೌತೆಕಾಯಿ. ತಂತಿಯ ಈ ಝೇಂಕಾರಕ್ಕೂ ಜವಾರಿ ಅನ್ನುತ್ತಾರಂತೆ. ಎರಡಕ್ಕೂ ಸಂಬಂಧ ಇಲ್ಲದೆ ಇರಬಹುದು, ನನಗೆ ಮಾತ್ರ ಬಹಳ ಸರಿ ಅನಿಸಿತು.

ಆಮೇಲೆ ಒಂದು ಪರೀಕ್ಷೆ ಕೊಟ್ಟರು. ನಾಲ್ಕು ತಂತಿ: ಪಂಚಮ, ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. "ಕೊನೆಯದನ್ನ ಕೇಳ್ರಿ, ಅದರೊಳಗ ಗಾಂಧಾರ ಅದ." ಯಾರೂ ಮೀಟದ ಸ್ವರ ಎಲ್ಲಿಂದ ಬರಬೇಕು? ಕೇಳಿದೆ. ಇಲ್ಲ. ಮತ್ತೆ ಮೀಟಿದರು. ಇಲ್ಲ. ಐದನೇ ಸಲವೋ ಆರನೇ ಸಲವೋ, ದಪ್ಪ ದನಿ ಇಳಿಯುತ್ತಾ ಇಳಿಯುತ್ತಾ ಅದರ ಬೆನ್ನ ಮೇಲೆ ಸಣ್ಣಗೆ ಇನ್ನೊಂದು ಎದ್ದಿತು. ಬಾವಿಯಲ್ಲಿ ಯಾರೋ ಕೂಗಿದ ಹಾಗೆ. ಒಂದು ಸಲ ಕೇಳಿದ ಮೇಲೆ ಕೇಳದೆ ಇರಲು ಆಗುವುದಿಲ್ಲ. ಮರುದಿನ ಯೂನಿಟ್ಟಿನ ಮಷೀನು ಸದ್ದಿನಲ್ಲೂ ಹುಡುಕಿದೆ. ಅಲ್ಲಿ ಏನೂ ಇಲ್ಲ, ಬರೀ ಮಷೀನು.

ಆ ಸಂಜೆ ಎರಡನೇ ರಾಗಕ್ಕೆ ಮುಂಚೆ ಗಾಯಕರು ಹಿಂದೆ ತಿರುಗಿ "ಮಧ್ಯಮ" ಅಂದರು. ಆಕೆ ಬಿರಡೆ ತಿರುಗಿಸಿ ಪಂಚಮದ ತಂತಿಯನ್ನು ಇಳಿಸಿದರು. ಅವರು ಹಾಡಲಿದ್ದ ಮಾಲ್ಕೌನ್ಸ್ ರಾಗದಲ್ಲಿ ಪಂಚಮವೇ ಇಲ್ಲ, ಅದಕ್ಕೆ. ಕರ್ನಾಟಕಿಯಲ್ಲಿ ಹಿಂದೋಳ ಅನ್ನುವುದೂ ಇದೇ ಐದು ಸ್ವರಗಳನ್ನು. ಒಂದು ತಂತಿ ಇಳಿದದ್ದಕ್ಕೆ ಇಡೀ ಸಭಾಂಗಣದ ಬಣ್ಣವೇ ಬದಲಾಯಿತು. ಇಷ್ಟು ವರ್ಷ ನಾನು ತಂಬೂರಿಯನ್ನು ಗೋಡೆಯ ಫ್ಯಾನಿನ ಹಾಗೆ ಮರೆತು ಕೂರುತ್ತಿದ್ದೆ. ನೂಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದು ರೀಲು ಪೂರ್ತಿ ಕೊಟ್ಟಿದ್ದೇನೆ. ಅವರ ಜೀವಮಾನಕ್ಕೆ ಸಾಕು, ನನ್ನದಕ್ಕೂ.

ಈಗ ಬೈಗುಳ.

'ಆಫೀಸು' ಬರೆಯುವುದನ್ನು ಓದಬೇಡಿ. ಅವರಿಗೆ ಎಲ್ಲ ಕಚೇರಿಯೂ 'ಸುವರ್ಣಾವಕಾಶ', ಎಲ್ಲರೂ 'ಖ್ಯಾತ', ಎಲ್ಲಕ್ಕೂ 'ತಪ್ಪದೇ ಬನ್ನಿ'. ಆಗಸ್ಟಿನಲ್ಲಿ ಹಾಗೆ ನಂಬಿ ಹೋಗಿ ಕೆಟ್ಟೆ. ಸಂಜೆ 6ಕ್ಕೆ ಅಂತ ಇತ್ತು. ದೀಪ ಹಚ್ಚಲು 6:40. ಆಮೇಲೆ ಸನ್ಮಾನ. ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಫಲಕ. ಶಾಲು ಎಣಿಸಿದೆ, 14. ಒಂದು ಡಜನ್ ಮೇಲೆ ಎರಡು! ಸನ್ಮಾನ ಮಾಡಿಸಿಕೊಂಡವರೆಲ್ಲ ಎರಡು ಮಾತು ಅಂತ ಎದ್ದು ಇಪ್ಪತ್ತು ಮಾತಾಡಿದರು. ಹಾಡುವವರು ಪರದೆಯ ಪಕ್ಕ ಶ್ರುತಿ ಕೂಡಿಸಿಕೊಂಡು ಕಾಯುತ್ತಿದ್ದರು. 9:30ಕ್ಕೆ ಹಾಲ್ ಖಾಲಿ ಮಾಡಬೇಕು. ಅವರಿಗೆ ಸಿಕ್ಕಿದ್ದು 50 ನಿಮಿಷ. ವಿಲಂಬಿತ ಬಿಟ್ಟು ಸೀದಾ ವೇಗದ ದ್ರುತಕ್ಕೆ ಹೋದರು, ಪಾಪ.

ಆವತ್ತು ಹೊರಡುವಾಗ ಗೇಟಿನವರು ನಕ್ಕರು. "ನಾನು ಬರೆದಿದ್ದೆ ಸಾರ್, ಕಿತ್ತು ಹಾಕಿದರು." ಅವರು ಬರೆದಿದ್ದದ್ದು ಇಷ್ಟೇ ಅಂತೆ: "6 ಅಂತ ಇದೆ. 8ಕ್ಕೆ ಬಂದರೂ ನಡೆಯುತ್ತದೆ." ಅದಾದ ಮೇಲೆ 'ಗೇಟ್' ಅಂತ ಹಾಳೆಯಲ್ಲಿ ಕಾಣಲಿಲ್ಲ. ಆದರೆ ಬಾಯಲ್ಲಿ ಹೇಳುತ್ತಾರೆ. ಸ್ಕೂಟರ್ ನಿಲ್ಲಿಸುವಾಗ ಸುಮ್ನೆ ಒಂದು ಮಾತು ಕೇಳಿ, ಸನ್ಮಾನ ಇದೆಯಾ ಅಂತ. ಇಡೀ ಸಭಾಂಗಣದಲ್ಲಿ ಇದಕ್ಕಿಂತ ಉಪಯೋಗದ ಸೇವೆ ಇನ್ನೊಂದಿಲ್ಲ.

ಇನ್ನೂ ಸಣ್ಣಪುಟ್ಟ ತಕರಾರು ಇವೆ. ಹಾಳೆಯಲ್ಲಿ ಪಕ್ಕವಾದ್ಯದವರ ಹೆಸರು ಹಾಕುವುದಿಲ್ಲ. ಇದು ದೊಡ್ಡ ತಪ್ಪು. ತಬಲಾ ಯಾರು, ಪಿಟೀಲು ಯಾರು ಅಂತ ನೋಡಿ ಬರುವವರೂ ಇದ್ದಾರೆ ಅಲ್ವಾ? ಎಷ್ಟು ಹೊತ್ತಿನ ಕಚೇರಿ ಅಂತಲೂ ಇರುವುದಿಲ್ಲ. ವಾಟ್ಸಾಪಿನಲ್ಲಿ ಅದೇ ಹಾಳೆಯ ಫೋಟೋ ಹಾಕುತ್ತಾರೆ, ಅದು ಕಚೇರಿಗೆ ಒಂದು ದಿನ ಮುಂಚೆ ಬರುತ್ತದೆ, ಫ್ಲ್ಯಾಶ್ ಬಿದ್ದು ಮಧ್ಯದ ಸಾಲೇ ಕಾಣುವುದಿಲ್ಲ. ಖುದ್ದಾಗಿ ಹೋಗಿ ಓದುವುದೇ ವಾಸಿ. ಬೆಳಿಗ್ಗೆ 10:30ರಿಂದ ಕಿಟಕಿ ತೆಗೆದಿರುತ್ತದೆ. ಎಡಗಡೆಯ ಕುರ್ಚಿಗಳ ಮೇಲೆ ಏಸಿ ನೇರ ಬಡಿಯುತ್ತದೆ, ಗುಂಯ್ ಅನ್ನುತ್ತದೆ ಕೂಡ. ಬಲಗಡೆ ಕೂತುಕೊಳ್ಳಿ.

ಪುಷ್ಯ ಮಾಸದ ಹಾಳೆ ಮೊನ್ನೆ ಅಂಟಿಸಿದ್ದಾರೆ, ಅದಕ್ಕೇ ಇಷ್ಟು ಬರೆದೆ. ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ. ಅದಾಗಿ ಹತ್ತು ದಿನಕ್ಕೆ, ಅಮಾವಾಸ್ಯೆಗೆ, ಪುರಂದರದಾಸರದು. ಆರಾಧನೆಗೆ ಟಿಕೆಟ್ ಇಲ್ಲ, ಪಾಸೂ ಬೇಡ. ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಎಲ್ಲರೂ ಒಟ್ಟಿಗೆ ಕೂತು ಹಾಡುತ್ತಾರೆ, ಐದು ರಾಗದ ಐದು ಕೃತಿ: ನಾಟ, ಗೌಳ, ಆರಭಿ, ವರಾಳಿ, ಶ್ರೀ. 'ಮೃದಂಗ' ಬರೆದಿದ್ದಾರೆ: "ಐದೂ ಆದಿ ತಾಳ. ಹಾಡು ಬರದಿದ್ದರೆ ತಾಳ ಹಾಕಿ, ಸುಮ್ಮನೆ ಕೂರಬೇಡಿ." ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಕೌಲ್ ಬಜಾರಿನಲ್ಲಿ ವ್ಯಾಪಾರ ಮಾಡುವವನಿಗೆ ತೆಲುಗಿನ ಭಯ ಇಲ್ಲ. ನಮ್ಮಮ್ಮನ ಪುಸ್ತಕ ಹುಡುಕಿ ಇಟ್ಟಿದ್ದೇನೆ, ಒಗ್ಗರಣೆ ಎಣ್ಣೆಯ ಕಲೆ ಇರುವ ಪುಟ ಯಾವುದು ಅಂತ ನೋಡಿದರೆ ಆರಭಿ.

ದಾಸರ ಆರಾಧನೆಗೆ 'ತಂಬೂರಿ' ತಮ್ಮ ಪಾಠದ ಮಕ್ಕಳನ್ನು ಕೂರಿಸುತ್ತಾರಂತೆ. "ಮಾಯಾಮಾಳವಗೌಳದ ಸರಳೆಯಿಂದ ಶುರು. ತಪ್ಪುತ್ತಾರೆ. ಬೈಯದೆ ಕೇಳಿ." ಮಕ್ಕಳಿಗೆ ಮೊದಲ ಪಾಠ ಆ ರಾಗದಲ್ಲಿ ಹೇಳುವ ಪದ್ಧತಿ ಹಾಕಿಕೊಟ್ಟವರು ಪುರಂದರದಾಸರೇ ಅಂತ ಹೇಳುತ್ತಾರೆ. ಅವರ ಮಂಟಪ ಹಂಪಿಯಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ, ಬಳ್ಳಾರಿಯಿಂದ 60 ಕಿಲೋಮೀಟರ್ ಚಿಲ್ಲರೆ. ಹೆಂಡತಿ ಬರುತ್ತೇನೆ ಅಂದಿದ್ದಾಳೆ.

ಹಾಳೆಯಲ್ಲಿ ಮೂರನೆಯದು ಒಂದಿದೆ. ಗದಗಿನ ಕಡೆ ಕಲಿತ ಒಬ್ಬ ಹುಡುಗನ ಖ್ಯಾಲ್ ಗಾಯನ. ಕೆಳಗೆ 'ಮೈಕ್' ಅಂತ ಇದೆ, ಎರಡು ಸಾಲಿನ ಜಾಗ ಖಾಲಿ. ಮರೆತರೇನೋ ಅಂತ ಹಿಂದಿನ ಬಾಗಿಲಿಗೆ ಹೋದೆ. ಇದ್ದರು, ವೈರ್ ಸುತ್ತುತ್ತಾ.

"ಆವತ್ತು ನಾನು ರಜೆ ಹಾಕಿದ್ದೇನೆ" ಅಂದರು.

"ಮತ್ತೆ ಸೌಂಡ್?"

"ಅಸಿಸ್ಟೆಂಟ್ ಹುಡುಗನಿಗೆ ಹೇಳಿದ್ದೇನೆ. ಒಂದು ಸಲ ಸೆಟ್ ಮಾಡು, ಆಮೇಲೆ ಏನೇ ಆದರೂ ಕೈ ಹಚ್ಚಬೇಡ ಅಂತ. ನನಗೆ ಒಂದು ಕುರ್ಚಿ ಹಿಡಿದಿಡ್ತೀರಾ? ಇಷ್ಟು ವರ್ಷದಲ್ಲಿ ಮುಂದೆ ಕೂತು ಕೇಳಿಲ್ಲ."

ಬಲಗಡೆ, ಎರಡನೇ ಸಾಲು. ಕರ್ಚೀಫು ಹಾಕಿ ಹಿಡಿದಿಡುತ್ತೇನೆ.